ಪ್ರಸನ್ನಕುಮಾರರ ಬಲಗಡೆ

ಎರಡು ಸಾವಿರದ ಇಪ್ಪತ್ತನಾಲ್ಕನೆಯ ಇಸವಿ, ಫೆಬ್ರವರಿ ಹದಿನೆಂಟು, ಭಾನುವಾರ. ಆ ದಿನ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ, ಅಂದರೆ ಆರು ಗಂಟೆಗಳ ಅವಧಿಯಲ್ಲಿ, ಕೊಪ್ಪದ ಪಾತ್ರೆ ಅಂಗಡಿ ಪ್ರಸನ್ನಕುಮಾರರ ಮನೆಗೆ ನಲವತ್ತಮೂರು ಜನ ಬಂದರು. ಅವರು ತಂದದ್ದು ಬ್ರೆಡ್ಡು ಹದಿನೇಳು ಪೊಟ್ಟಣ, ಕಿತ್ತಳೆ ಒಂಬತ್ತು ಡಜನ್, ಎಳನೀರು ಇಪ್ಪತ್ತೆರಡು. ಮನೆಯಲ್ಲಿ ಕಾಯಿಲೆ ಬಿದ್ದವರು ಸೊನ್ನೆ. ಈ ಲೆಕ್ಕ ಎಲ್ಲಿ ತಪ್ಪಿತೆಂಬುದನ್ನು ಮೊದಲಿನಿಂದ ಹೇಳುವುದೇ ಒಳ್ಳೆಯದು.

ಪ್ರಸನ್ನಕುಮಾರರಿಗೆ ಐವತ್ತನಾಲ್ಕು ವರ್ಷ. ಸ್ಟೀಲಿನ ಕೊಡವನ್ನು ಬೆರಳಗೆಣ್ಣಿನಿಂದ ಒಮ್ಮೆ ಬಡಿದು, ಕಣ್ಣು ಮುಚ್ಚಿ, ತಗಡು ಎಷ್ಟು ದಪ್ಪವೆಂದು ಹೇಳಬಲ್ಲವರು. ಇದರಿಂದ ಅವರು ತಮಗೆ ನಾದಜ್ಞಾನವಿದೆ ಎಂಬ ತೀರ್ಮಾನಕ್ಕೆ ಬಂದಿದ್ದರು. ತಗಡು ತಿಳಿಯುವುದಕ್ಕೂ ನಾದ ತಿಳಿಯುವುದಕ್ಕೂ ನಡುವೆ ಸ್ವಲ್ಪ ಅಂತರವಿದೆಯೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಹೇಳಿದವರಿಗೆ ಕುಕ್ಕರಿನಲ್ಲಿ ರಿಯಾಯಿತಿ ಸಿಗುವುದಿಲ್ಲವೆಂಬುದು ಊರಿಗೆ ಗೊತ್ತಿತ್ತು.

ಅವರ ಎರಡನೆಯ ತೀರ್ಮಾನ ತಾಳಮದ್ದಳೆಗೆ ಸಂಬಂಧಿಸಿದ್ದು. ವೇಷವಿಲ್ಲದೆ, ಕುಣಿತವಿಲ್ಲದೆ, ಪಂಚೆ ಶಾಲು ತೊಟ್ಟು ಕುಳಿತಲ್ಲೇ ಬರಿಯ ಮಾತಿನಿಂದ ಕಥೆ ನಡೆಸುವ ಆ ಕಲೆಯಲ್ಲಿ ತಾವು ರಾಜನ ಪಾತ್ರಕ್ಕೇ ಹುಟ್ಟಿದವರೆಂದು ಅವರು ನಂಬಿದ್ದರು. ಶೃಂಗೇರಿಯ ಕಲಾಸಂಘದ ಅಧ್ಯಕ್ಷ ತಿಮ್ಮಪ್ಪನವರ ನಂಬಿಕೆ ಬೇರೆಯಿತ್ತು. ಹನ್ನೊಂದು ವರ್ಷಗಳಲ್ಲಿ ನಡೆದ ಮೂವತ್ತನಾಲ್ಕು ಕೂಟಗಳಲ್ಲಿಯೂ ಅವರು ಪ್ರಸನ್ನಕುಮಾರರಿಗೆ ಕೊಟ್ಟದ್ದು ದೂತನ ಪಾತ್ರ. ದೂತನಿಗೆ ವಾಕ್ಯ ನಾಲ್ಕು: "ಮಹಾಪ್ರಭೂ, ಬಾಗಿಲಲ್ಲಿ ಬಂದವರಿದ್ದಾರೆ. ಯಾರೆಂದು ಹೇಳಲೊಲ್ಲರು. ಒಳಗೆ ಬಿಡಲೇ? ಅಪ್ಪಣೆ." ನಾಲ್ಕನ್ನು ಮೂವತ್ತನಾಲ್ಕರಿಂದ ಗುಣಿಸಿದರೆ ನೂರ ಮೂವತ್ತಾರು. ಅಷ್ಟೂ ವಾಕ್ಯಗಳಲ್ಲಿ ಒಂದಕ್ಕಾದರೂ ಸಭೆ ಚಪ್ಪಾಳೆ ತಟ್ಟಿದ ಉದಾಹರಣೆಯಿಲ್ಲ.

ಹೀಗಿರುವಾಗ ಜನವರಿಯ ಕೊನೆಯಲ್ಲಿ ತಿಮ್ಮಪ್ಪನವರು ಫೋನು ಮಾಡಿದರು. "ಪ್ರಸನ್ನ, ಫೆಬ್ರವರಿ ಇಪ್ಪತ್ತೈದಕ್ಕೆ ರಾಜ ನೀನೇ ಮಾರಾಯ. ಯಾವಾಗ್ಲೂ ಮಾಡೋರು ಹೊಸ ಹಲ್ಲಿನ ಸೆಟ್ಟು ಕಟ್ಟಿಸ್ಕಂಡಿದಾರೆ. ಸಿಟ್ಟು ಬಂದ್ರೆ ಅದು ಹಾರ್ತದೆ. ಸಿಟ್ಟು ಬರದೆ ಇರೋ ರಾಜನ್ನ ಇಟ್ಕಂಡು ನಾನೆಂತ ಮಾಡ್ಲಿ? ಕಮ್ಮರಡಿ ಕಿರಣ ಕೊಡಿ ಕೊಡಿ ಅಂತ ಬೆನ್ನು ಹತ್ತಿದಾನೆ. ಆದ್ರೂ ನೀನು ಹಳಬ. ಹಾಳು ಮಾಡ್ಬೇಡ."

ಯೋಗ್ಯತೆಗೆ ಇದಕ್ಕಿಂತ ದೊಡ್ಡ ಮನ್ನಣೆ ಬೇಕೆ? ಪ್ರಸನ್ನಕುಮಾರರು ಅಂದೇ ಅಭ್ಯಾಸಕ್ಕೆ ಇಳಿದರು. ಜಿಎಸ್‌ಟಿ ಬಿಲ್ಲಿಗೆಂದು ಕೊಂಡಿದ್ದ ಅಂಗಡಿಯ ಲ್ಯಾಪ್‌ಟಾಪನ್ನು ಮನೆಗೆ ತಂದು, ಹಳೆಯ ಕಾಲದ ದೊಡ್ಡ ಅರ್ಥಧಾರಿಯೊಬ್ಬರು ರಾಜನಾಗಿ ಮಾತಾಡಿದ ಧ್ವನಿಮುದ್ರಣವನ್ನು ಯೂಟ್ಯೂಬಿನಲ್ಲಿ ಹಚ್ಚಿ ಕೂತರು. ಆದರೆ ಆ ಲ್ಯಾಪ್‌ಟಾಪಿನ ಬಾಯಿಯಿಂದ ರಾಜನ ಗರ್ಜನೆ ಲೋಟದೊಳಗೆ ಸಿಕ್ಕಿಬಿದ್ದ ಸೊಳ್ಳೆಯಂತೆ ಹೊರಡುತ್ತಿತ್ತು.

"ಇದರಲ್ಲಿ ಮಂದ್ರವೇ ಇಲ್ಲ. ನಾದಕ್ಕೆ ತಳ ಬೇಕು, ತಳ!" ಎಂದು ಅವರು ಹೆಂಡತಿ ನಯನರ ಮುಂದೆ ಸಾರಿದರು.

"ಸೊಳ್ಳೆನೇ ಸಾಕು ರೀ. ಎರಡೆರಡು ರಾಜರು ಈ ಮನೇಲಿ ಹಿಡ್ಸದಿಲ್ಲ" ಎಂದರು ನಯನ.

ಆಗ ಪ್ರಸನ್ನಕುಮಾರರ ಕಣ್ಣು ನಡುಮನೆಯ ಸ್ಟೀರಿಯೊದ ಮೇಲೆ ಬಿತ್ತು. ತೊಂಬತ್ತೆಂಟರಲ್ಲಿ ಅವರ ಮದುವೆಗೆ ನರಸಿಂಹರಾಜಪುರದ ಅಕ್ಕ ಹೊನ್ನಕ್ಕ ಕೊಟ್ಟ ಉಡುಗೊರೆ ಅದು. ಎಡಕ್ಕೊಂದು ಬಲಕ್ಕೊಂದು ಮರದ ಸ್ಪೀಕರ್ ಪೆಟ್ಟಿಗೆ, ನಡುವೆ ತಿರುಗಣಿಗಳ ಯಂತ್ರ. ಕ್ಯಾಸೆಟ್ಟು ನುಂಗುವ ಬಾಯಿ ಎಂದೋ ಮುಚ್ಚಿಹೋಗಿ, ಹದಿನೈದು ವರ್ಷಗಳಿಂದ ಹೂದಾನಿ ಇಡುವ ಪೀಠವಾಗಿ ಅದು ಸೇವೆ ಸಲ್ಲಿಸುತ್ತಿತ್ತು. ನಯನ ಪ್ರತಿ ಶುಕ್ರವಾರ ತಪ್ಪದೆ ಅದನ್ನು ಒರೆಸುತ್ತಿದ್ದರು. ಈ ಒರೆಸುವಿಕೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಲ್ಯಾಪ್‌ಟಾಪಿನಿಂದ ಸ್ಟೀರಿಯೊಗೆ ಒಂದು ವಯರು ಎಳೆದರೆ ರಾಜನಿಗೆ ತಳ ಸಿಗುತ್ತದೆಂದು ಅವರಿಗೆ ಹೇಳಿಕೊಟ್ಟವನು ನರಸಿಂಹರಾಜಪುರದಲ್ಲಿ ರೇಡಿಯೊ, ಮೊಬೈಲು ರಿಪೇರಿ ಮಾಡುವ ಬಸವೇಶ. ಒಂದು ತುದಿಯಲ್ಲಿ ಸಣ್ಣ ಪಿನ್ನು, ಇನ್ನೊಂದು ತುದಿಯಲ್ಲಿ ಕೆಂಪು ಬಿಳಿ ಎರಡು ಪಿನ್ನುಗಳಿದ್ದ ವಯರನ್ನು ಅವನೇ ಕೊಟ್ಟ. ವಯರು ಚುಚ್ಚುವ ಮೊದಲೇ ಪ್ರಸನ್ನಕುಮಾರರು ಅಂಗಡಿಗೆ ಬಂದವರಿಗೆಲ್ಲ ಪ್ರಚಾರ ಕೊಟ್ಟರು. "ಭಾನುವಾರ ಮನೆಗೆ ಬನ್ನಿ. ನಾದ ಅಂದ್ರೆ ಎಂತ ಅಂತ ತೋರಿಸ್ತೀನಿ."

ಗುರುವಾರ ಸಂಜೆ ಬಲಗಡೆಯ ಪೆಟ್ಟಿಗೆಯನ್ನು ಎತ್ತಿ ಸರಿಸುವಾಗ ಅವರ ಬಲಭುಜ ಹಿಡಿದುಕೊಂಡಿತು. ತೋಳು ಜೋತುಬಿದ್ದರೂ ಅವರು ಎಡಗೈಯಲ್ಲೇ ವಯರು ಚುಚ್ಚಿದರು. ಎಡಗಡೆಯ ಪೆಟ್ಟಿಗೆ ಮಾತಾಡಿತು. ಬಲಗಡೆಯದು ಉಸಿರೆತ್ತಲಿಲ್ಲ. ಲ್ಯಾಪ್‌ಟಾಪಿಗೆ ಚಾರ್ಜರು ಹಾಕಿದರೆ ಗುಂಯ್ ಎಂಬ ಸದ್ದು ಬೇರೆ.

ಶುಕ್ರವಾರ ಬೆಳಿಗ್ಗೆ ಅವರು ಸಿಗ್ನಲ್ಲು ಚೆನ್ನಾಗಿ ಸಿಗುವ ಕಾಂಪೌಂಡಿನ ಮೂಲೆಗೆ ಹೋಗಿ, ರಾಜನಿಗೊಪ್ಪುವ ಸ್ವರದಲ್ಲಿ, ಬಸವೇಶನೊಂದಿಗೆ ಫೋನಿನಲ್ಲಿ ಮಾತಾಡಿದರು.

"ಬಸವೇಶಾ, ಬಲಗಡೆ ಪೂರ್ತಿ ಹೋಗಿದೆ ಮಾರಾಯ!... ಎಡಗಡೆ ಅಡ್ಡಿಲ್ಲ. ಬಲಗಡೆ ಜೀವಾನೇ ಇಲ್ಲ. ತಟ್ಟಿ ನೋಡ್ದೆ, ಅಲ್ಲಾಡ್ಸಿ ನೋಡ್ದೆ, ಉಹೂಂ... ಸ್ವರನಾ? ಹೊರಡ್ತದೆ, ಆದ್ರೆ ಅರ್ಧಂಬರ್ಧ. ಎಂತ ಹೇಳ್ತಿದೆ ಅಂತ ತಿಳಿಯದಿಲ್ಲ... ಹ್ಞೂ, ಕರೆಂಟ್ ಕೊಟ್ಟೂ ನೋಡ್ದೆ. ಕೊಟ್ರೆ ಮೈಯೆಲ್ಲ ಗುಂಯ್ ಅಂತದೆ, ತೆಗೆದ್ರೆ ಸುಮ್ನಾಗ್ತದೆ... ಬಿಚ್ಚದಾ? ಬೇಡ ಮಾರಾಯ, ಹಳೇ ಶರೀರ. ಬಿಚ್ಚಿದ್ರೆ ಮತ್ತೆ ಕೂಡದಿಲ್ಲ... ಹಾಂ, ಅದನ್ನೇ ಬಸ್ಸಿಗೆ ಹಾಕಿ ಕಳ್ಸು. ಇಪ್ಪತ್ತೈದರೊಳಗೆ ಬಲಗಡೆ ಬರ್ಲಿಲ್ಲ ಅಂದ್ರೆ ನನ್ನ ಕತೆ ಮುಗೀತು!"

ಕಾಂಪೌಂಡಿನ ಆಚೆ ಬದಿಯಲ್ಲಿ ಪಕ್ಕದ ಮನೆಯ ಗಿರಿಯಮ್ಮ ಕಾಳುಮೆಣಸು ಒಣಹಾಕುತ್ತಿದ್ದರು. ಫೋನಿನ ಆ ಕಡೆಯಿಂದ ಬಸವೇಶ ಹೇಳಿದ್ದು ಅವರಿಗೆ ಕೇಳಿಸಲಿಲ್ಲ. ಕೇಳಿಸಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಗಿರಿಯಮ್ಮ ಸುಳ್ಳು ಹೇಳುವವರಲ್ಲ, ಕೇಳಿದ್ದನ್ನು ಒಂದಕ್ಷರ ಬಿಡದೆ ಕೇಳಿದ ಹಾಗೆಯೇ ಹೇಳುವವರು. ದೊಡ್ಡ ಅನಾಹುತಗಳೆಲ್ಲ ಆಗುವುದು ಇಂಥ ಸತ್ಯವಂತರಿಂದಲೇ. ಅವರು ತಲೆ ಎತ್ತಿ ನೋಡಿದಾಗ ಪ್ರಸನ್ನಕುಮಾರರ ಬಲತೋಳು ಒಣಗಿದ ಪಡವಲಕಾಯಿಯಂತೆ ಜೋತಾಡುತ್ತಿತ್ತು. ಕಣ್ಣಿಗೂ ಕಿವಿಗೂ ಸಾಕ್ಷಿ ತಾಳೆಯಾಯಿತು. ಗಿರಿಯಮ್ಮ ಮೆಣಸನ್ನು ಅಲ್ಲೇ ಬಿಟ್ಟು ಹೊನ್ನಕ್ಕನಿಗೆ ಫೋನು ಹಚ್ಚಿದರು.

"ಹೊನ್ನಕ್ಕ, ಧೈರ್ಯ ತಗೋ ಮಾರಾಯ್ತಿ. ನಿನ್ನ ತಮ್ಮಂಗೆ ಲಕ್ವ ಹೊಡೆದಿದೆ. ಬಲಗಡೆ ಪೂರ್ತಿ ಹೋಗಿದೆಯಂತೆ. ಕರೆಂಟೂ ಕೊಟ್ಟು ನೋಡಿದಾರಂತೆ! ಪಾಪ, ಅವನೇ ಬಾಯಿಬಿಟ್ಟು ಹೇಳ್ತಿದ್ದ, ನನ್ನ ಕತೆ ಮುಗೀತು ಅಂತ."

ಸುದ್ದಿಗೆ ಇನ್ನೊಂದು ಪುರಾವೆಯನ್ನು ಬಸವೇಶನೇ ಒದಗಿಸಿದ. ಹೊಸ ವಯರನ್ನು ಪೊಟ್ಟಣ ಕಟ್ಟಿ, ಅದರ ಮೇಲೆ "ಪ್ರಸನ್ನಕುಮಾರ್, ಕೊಪ್ಪ. ಬಲಗಡೆಗೆ" ಎಂದು ಬರೆದು, ಭಾನುವಾರ ಮನೆಗೇ ಮುಟ್ಟಿಸಬೇಕೆಂದು ಹೇಳಿ ಶನಿವಾರವೇ ಕಂಡಕ್ಟರ್ ರಾಕೇಶನ ಕೈಗಿತ್ತ. ಆ ಹೊತ್ತಿಗೆ ಲಕ್ವದ ಸುದ್ದಿ ಕೇಳಿದ್ದ ರಾಕೇಶ ಅದನ್ನು ಔಷಧಿಯೆಂದು ತಿಳಿದು ಡ್ರೈವರಿನ ಪಕ್ಕ ದೇವರ ಪಟದ ಕೆಳಗಿಟ್ಟ. ಅವನ ಬಸ್ಸು ಶನಿವಾರ ಒಂದೇ ದಿನ ನರಸಿಂಹರಾಜಪುರ, ಕೊಪ್ಪ, ಶೃಂಗೇರಿಗಳ ನಡುವೆ ಎರಡು ಸಲ ಓಡಾಡಿತು. ಪ್ರತಿ ಟಿಕೆಟ್ಟಿನೊಂದಿಗೆ ಸುದ್ದಿಯೂ ಹರಿದು ಹಂಚಿಹೋಯಿತು.

ಇತ್ತ ಪ್ರಸನ್ನಕುಮಾರರು ಕೂಟದವರೆಗೆ ಗಂಟಲಿಗೆ ವಿಶ್ರಾಂತಿ ಕೊಡಬೇಕೆಂದು ನಿಶ್ಚಯಿಸಿ, ಶನಿವಾರದಿಂದ ಪಿಸುಮಾತಿಗೆ ಇಳಿದಿದ್ದರು. ಹೀಗೆ ರೋಗದ ಲಕ್ಷಣಗಳಲ್ಲಿ ಬಾಕಿ ಉಳಿದಿದ್ದ ಒಂದನ್ನೂ ಅವರೇ ಭರ್ತಿ ಮಾಡಿಕೊಟ್ಟರು.

ಭಾನುವಾರ ಎಂಟಕ್ಕೇ ಜನ ಬರುವುದು ಸುರುವಾಯಿತು. ಪ್ರಸನ್ನಕುಮಾರರಿಗೆ ಸಂಶಯದ ಲವಲೇಶವೂ ಬರಲಿಲ್ಲ, ನಾದ ಕೇಳಲು ಕರೆದದ್ದು ಅವರೇ ತಾನೇ? ಬ್ರೆಡ್ಡು ಕಿತ್ತಳೆಗಳನ್ನು ಕಂಡಾಗ ಒಂದು ಕ್ಷಣ ವಿಚಾರಕ್ಕೆ ಬಿದ್ದರು. ರಾಜನ ಪಾತ್ರ ಸಿಕ್ಕಿದ್ದಕ್ಕೆ ಊರು ಕೊಡುತ್ತಿರುವ ಕಾಣಿಕೆಯೆಂದು ಮರುಕ್ಷಣವೇ ಸಮಾಧಾನ ಹೇಳಿಕೊಂಡರು. ಕಾಯಿಲೆ ನೋಡಲು ಬಂದವರು ಕಾಯಿಲೆಯವರ ಎದುರು ಕಾಯಿಲೆಯ ಹೆಸರೆತ್ತಬಾರದೆಂಬುದು ನಮ್ಮ ಕಡೆಯ ಸಭ್ಯತೆ. ಈ ಸಭ್ಯತೆ ಇಲ್ಲದಿದ್ದರೆ ಎಂಟೂ ಐದಕ್ಕೆ ಎಲ್ಲ ಇತ್ಯರ್ಥವಾಗುತ್ತಿತ್ತು.

ಮಗಳ ಮದುವೆಗೆ ಕೊಪ್ಪರಿಗೆ ಕೊಂಡಿದ್ದ ಹಿರೇಕೊಡಿಗೆಯ ಮಲ್ಲೇಶಪ್ಪನವರು ಕುರ್ಚಿಯ ತುದಿಯಲ್ಲಿ ಕೂತು, ಸ್ವರ ತಗ್ಗಿಸಿ ಕೇಳಿದರು. "ಈಗ ಹೇಗಿದೆ ಮಾರಾಯ್ರೆ?"

ಪ್ರಸನ್ನಕುಮಾರರು ಪಿಸುಗುಟ್ಟಿದರು. "ಎಡಗಡೆ ಪರವಾಗಿಲ್ಲ. ಬಲಗಡೆ ಇನ್ನೂ ಬಂದಿಲ್ಲ."

"ಬರ್ತದೆ, ಬರ್ತದೆ. ನಮ್ಮ ಭಾವಂದು ಮೂರು ತಿಂಗಳಿಗೆ ಬಂತು."

"ಓ, ಅವರದ್ದೂ ಹೋಗಿತ್ತಾ?"

"ಹೋಗಿತ್ತಾ ಅಂದ್ರೆ? ಒಂದಿನ ಬೆಳಿಗ್ಗೆ ಎದ್ದು ನೋಡ್ತೀವಿ, ಬಲಗಡೆ ಇಲ್ಲ! ಮಂಗಳೂರಿಗೇ ಕರ್ಕಂಡು ಹೋದ್ವಿ. ಹನ್ನೆರಡು ದಿನ ಇಟ್ಕಂಡ್ರು."

ಇಷ್ಟು ಸಣ್ಣ ಕೆಲಸಕ್ಕೆ ಮಂಗಳೂರಿನವರೆಗೆ ಹೋಗುವವರ ಧಾರಾಳತನಕ್ಕೆ ಪ್ರಸನ್ನಕುಮಾರರು ಬೆರಗಾದರು. "ಅಷ್ಟೆಲ್ಲ ಎಂತಕ್ಕೆ? ನಂದು ನರಸಿಂಹರಾಜಪುರದ ಬಸವೇಶ ನೋಡ್ತಿದಾನೆ. ಮೊಬೈಲ್ ರಿಪೇರಿನೂ ಮಾಡ್ತಾನೆ."

ಮಲ್ಲೇಶಪ್ಪನವರು ಕುರ್ಚಿಯಿಂದ ಅರ್ಧ ಎದ್ದು, ಮತ್ತೆ ಕೂತರು. ತಲೆಗೂ ಪೆಟ್ಟಾಗಿದೆಯೆಂದು ಅವರಿಗೆ ಈಗ ಖಚಿತವಾಯಿತು.

"ಸರಿಹೋಗದಿದ್ರೆ ಗುಜರಿಗೆ ಹಾಕದು, ಅಷ್ಟೇ" ಎಂದರು ಪ್ರಸನ್ನಕುಮಾರರು. "ಮುಂದೆ ಎಡಗಡೆದೂ ಹೋಗ್ತದೆ. ಒಟ್ಟಿಗೇ ಎತ್ತಿ ಕೊಟ್ಬಿಟ್ರೆ ಮನೇಲಿ ಜಾಗನಾದ್ರೂ ಆಗ್ತದೆ. ಇವಳಿಗೂ ಒರೆಸೋ ಕೆಲಸ ತಪ್ತದೆ."

"ಹಾಗೆಲ್ಲ ಮಾತಾಡ್ಬಾರ್ದು ಪ್ರಸನ್ನಕುಮಾರ್ರೆ!" ಎಂದ ಮಲ್ಲೇಶಪ್ಪನವರ ಕಣ್ಣು ತುಂಬಿತು. ಅವರು ಕೈಚೀಲದಿಂದ ಇನ್ನೊಂದು ಬ್ರೆಡ್ಡು ತೆಗೆದು ಮೇಜಿನ ಮೇಲಿಟ್ಟು, ಜಗಲಿಗೆ ಹೋಗಿ ಕಂಬಕ್ಕೊರಗಿ ನಿಂತುಬಿಟ್ಟರು.

ಅಡುಗೆಮನೆಯಲ್ಲಿಯೂ ಸಂವಾದ ಇಷ್ಟೇ ಸಮರ್ಪಕವಾಗಿ ಸಾಗಿತ್ತು. ಮೂವತ್ತನೆಯ ಲೋಟ ಕಾಫಿ ಸೋಸುತ್ತಿದ್ದ ನಯನರ ಬೆನ್ನು ಸವರಿ ಗಿರಿಯಮ್ಮ ಹೇಳಿದರು. "ಕಷ್ಟ ಮಾರಾಯ್ತಿ. ಇಂಥವರನ್ನ ನೋಡ್ಕಳದು ಅಂದ್ರೆ ಸುಮ್ನೆ ಅಲ್ಲ. ಧೈರ್ಯ ತಗೋ."

"ಇಪ್ಪತ್ತಾರು ವರ್ಷದಿಂದ ತಗೊಂಡೇ ಇದೀನಿ ಗಿರಿಯಮ್ಮ."

"ಅಷ್ಟು ವರ್ಷದಿಂದನಾ! ನಮಗ್ಯಾರಿಗೂ ಗೊತ್ತೇ ಆಗದಂಗೆ ಇಟ್ಕಂಡಿದೀಯಲ್ಲ."

"ಹೊರಗಿನೋರಿಗೆ ಗೊತ್ತಾಗದಿಲ್ಲ. ಜೊತೆಗೆ ಬಾಳಿದೋರಿಗೇ ಗೊತ್ತು" ಎಂದರು ನಯನ. ಗಿರಿಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಹನ್ನೆರಡೂವರೆಗೆ ಹೊನ್ನಕ್ಕ ಬಂದರು. ತಮ್ಮನಿಗಿಂತ ಏಳು ವರ್ಷ ದೊಡ್ಡವರು, ದನಿಯಲ್ಲಿ ಇಪ್ಪತ್ತು ವರ್ಷ ದೊಡ್ಡವರು. ಕೈಯಲ್ಲಿ ಇಪ್ಪತ್ತೊಂದು ಬೇರು ಹಾಕಿ ಎರಡು ದಿನ ಕಾಯಿಸಿದ ಎಣ್ಣೆಯ ಬಾಟಲಿ. ರಕ್ತಸಂಬಂಧಿಗಳಿಗೆ ಸಭ್ಯತೆಯ ಕಟ್ಟುಪಾಡಿಲ್ಲ. ಅವರು ತಮ್ಮನನ್ನು ನಡುಮನೆಗೆ ನೂಕಿ ಬಾಗಿಲು ಹಾಕಿಕೊಂಡರು.

"ಅಂಗಿ ತೆಗಿ."

"ಅಕ್ಕಾ, ಜಗಲಿ ತುಂಬ ಜನ ಇದಾರೆ."

"ಜನ ನಿನ್ನ ಮೈಕಟ್ಟು ನೋಡಕ್ಕೆ ಬಂದಿಲ್ಲ. ಬಲಗೈ ಎತ್ತು ನೋಡನ."

ಪ್ರಸನ್ನಕುಮಾರರು ಎತ್ತಲು ಹೋಗಿ "ಅಯ್ಯಯ್ಯೋ" ಎಂದರು. ಹೊನ್ನಕ್ಕನಿಗೆ ಮತ್ತಾವ ಪರೀಕ್ಷೆಯೂ ಬೇಕಾಗಲಿಲ್ಲ. ಭುಜದಿಂದ ಬೆರಳತುದಿಯವರೆಗೆ ಎಣ್ಣೆ ಹೊಯ್ದು ತಿಕ್ಕತೊ‌ಡಗಿದರು. ಪೆಟ್ಟಿಗೆ ಎತ್ತಿ ಹಿಡಿದುಕೊಂಡ ಭುಜಕ್ಕೆ ಅದು ನಿಜವಾಗಿಯೂ ಹಿತವಾಗಿತ್ತು. ಆದ್ದರಿಂದ ಪ್ರಸನ್ನಕುಮಾರರು ಹೆಚ್ಚು ಪ್ರಶ್ನೆ ಕೇಳದೆ ಮೈಯೊಪ್ಪಿಸಿದರು.

ಒಂದು ಗಂಟೆಗೆ ಕಂಡಕ್ಟರ್ ರಾಕೇಶ ಬಸ್ಸನ್ನು ರಸ್ತೆಯಲ್ಲೇ ನಿಲ್ಲಿಸಿ, ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಬಂದು ಬಾಗಿಲ ಸಂದಿಯಿಂದ ಒಳಗೆ ಕೊಟ್ಟ. ಅವನು ನಲವತ್ತೊಂದನೆಯವನು. ಅವನ ಹಿಂದೆಯೇ ನಲವತ್ತೆರಡು ಮತ್ತು ನಲವತ್ತಮೂರನೆಯವರಾಗಿ ಶೃಂಗೇರಿಯ ತಿಮ್ಮಪ್ಪನವರೂ ಕಮ್ಮರಡಿಯ ಕಿರಣನೂ ಜಗಲಿ ಹತ್ತಿದರು. ಕಿರಣ ಕಮ್ಮರಡಿಯಲ್ಲಿ ಜೆರಾಕ್ಸ್ ಮತ್ತು ಅಚ್ಚಿನ ಅಂಗಡಿ ಇಟ್ಟುಕೊಂಡವನು. ಅವನ ಕಂಕುಳಲ್ಲಿ ಒಂದು ಕಾಗದದ ಕಟ್ಟಿತ್ತು. ಮುಖದಲ್ಲಿ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ದುಃಖವಿತ್ತು.

"ಹೇಗಿದಾರೆ ಪ್ರಸನ್ನಣ್ಣ? ನಿದ್ದೇನೇ ಬರ್ಲಿಲ್ಲ ನಂಗೆ" ಎಂದ ಕಿರಣ.

ಒಳಗೆ ಪ್ರಸನ್ನಕುಮಾರರು ಹೊಸ ವಯರು ಚುಚ್ಚಿ, ಬಲಗಡೆಗೆ ನ್ಯಾಯವಾದ ಪರೀಕ್ಷೆ ನಡೆಯಬೇಕೆಂದು ಎಡಗಡೆಯ ಪೆಟ್ಟಿಗೆಯ ಸಂಪರ್ಕ ಕಿತ್ತು, ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿ, ಬಲಗಡೆಯ ಪೆಟ್ಟಿಗೆಗೆ ಕಿವಿಯಿಟ್ಟು ಕೂತಿದ್ದರು. ಏನೂ ಇಲ್ಲ. ಅವರಿಗೆ ಅಳುವೇ ಬಂತು.

"ಇದು ನಾನು ಕೊಟ್ಟದ್ದಲ್ಲನಾ?" ಎಂದು ಹೊನ್ನಕ್ಕ ಬಗ್ಗಿ ನೋಡಿದರು. "ನಮ್ಮನೇಲೂ ಇದೇ ಇತ್ತಲ್ಲ. ಈ ಬ್ಯಾಲೆನ್ಸಿನ ತಿರುಗಣಿ ಎಂತಕ್ಕೆ ಎಡಗಡೆ ಮೂಲೆಗೆ ಹೋಗಿ ಕೂತಿದೆ? ಯಾರು ತಿರುಗಿಸಿದ್ದು ಇದನ್ನ?"

ಯಾರೂ ತಿರುಗಿಸಿರಲಿಲ್ಲ. ವರ್ಷಕ್ಕೆ ಐವತ್ತೆರಡರಂತೆ ಇಪ್ಪತ್ತಾರು ವರ್ಷಗಳ ಸಾವಿರದ ಮುನ್ನೂರ ಐವತ್ತೆರಡು ಶುಕ್ರವಾರಗಳಲ್ಲಿ ನಯನರ ಒರೆಸುವ ಬಟ್ಟೆ, ಎಡಬಲಗಳಿಗೆ ಸದ್ದು ಹಂಚುವ ಆ ತಿರುಗಣಿಯನ್ನು ಸಲಕ್ಕೊಂದು ಕೂದಲೆಳೆಯಷ್ಟು ಎಡಕ್ಕೆ ಸರಿಸುತ್ತ ಬಂದಿತ್ತು. ಬಸವೇಶನ ಮೊದಲ ವಯರೂ ಸರಿಯಿತ್ತು, ಎರಡನೆಯ ವಯರೂ ಸರಿಯಿತ್ತು. ಹೊನ್ನಕ್ಕ ಎಣ್ಣೆಗೈಯಿಂದಲೇ ತಿರುಗಣಿಯನ್ನು ಹಿಡಿದು ನಡುವಿಗೆ ತಂದರು.

ಪ್ರಸನ್ನಕುಮಾರರು ಪಿಸುಮಾತಿನ ವ್ರತ ಮುರಿದು ಕೂಗಿದರು. "ಬಂತು! ಅಕ್ಕಾ, ಬಲಗಡೆ ಬಂತು!"

ಜಗಲಿಯಲ್ಲಿದ್ದವರೆಲ್ಲ ಎದ್ದು ನಿಂತರು. ಮರುಕ್ಷಣ ಮುಚ್ಚಿದ ಬಾಗಿಲಿನೊಳಗಿಂದ, ಕಿಟಕಿಯ ಗಾಜು ನಡುಗುವಂತೆ, ಸಿಂಹಕಂಠವೊಂದು ಮೊಳಗಿತು.

"ಯಾರಲ್ಲಿ! ನನ್ನ ಬಲ ಕುಂದಿತೆಂದು ಆಡಿಕೊಂಡವರು ಯಾರು? ಈ ಬಲಭುಜವೊಮ್ಮೆ ಎದ್ದಿತೆಂದರೆ ದಿಕ್ಕುಗಳು ಹಿಂದೆ ಸರಿಯುತ್ತವೆ! ನಾನು ಬಿದ್ದೆನೆಂದು ಸಿಂಹಾಸನದ ಸುತ್ತ ಸುಳಿದಾಡುವ ಕ್ಷುದ್ರರೇ, ಎದುರಿಗೆ ಬನ್ನಿ!"

ಕಿರಣ ಅರಿವಿಲ್ಲದೆ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಎಳನೀರಿನ ರಾಶಿಯ ಮೇಲೆ ಕೂತ.

"ಇದು ಪ್ರಸನ್ನನ ಸ್ವರನಾ?" ತಿಮ್ಮಪ್ಪನವರ ಬಾಯಿ ತೆರೆದದ್ದು ಮುಚ್ಚಲಿಲ್ಲ. "ಹನ್ನೊಂದು ವರ್ಷ ಈ ಸ್ವರ ಹೊಟ್ಟೇಲಿಟ್ಕಂಡು ದೂತ ಮಾಡ್ತಿದ್ನಾ ಇವನು! ನಾನೊಬ್ಬ ಕಿವುಡ. ಏ ಕಿರಣ, ಆ ಕಟ್ಟು ಬಿಚ್ಚಬೇಡ ಮಾರಾಯ. ರಾಜ ಅವನೇ. ಇಪ್ಪತ್ತೈದಕ್ಕೂ ಅವನೇ, ಮುಂದಕ್ಕೂ ಅವನೇ!"

ಹೀಗೆ ಹನ್ನೊಂದು ವರ್ಷ ಕಾದ ಸಿಂಹಾಸನ ಪ್ರಸನ್ನಕುಮಾರರಿಗೆ ಪೂರ್ಣಬಹುಮತದಿಂದ ದೊರೆಯಿತು. ಅವರು ಅದರ ಮೇಲೆ ಸುಮಾರು ಏಳು ಸೆಕೆಂಡು ಕೂತಿದ್ದರು.

ಎಂಟನೆಯ ಸೆಕೆಂಡಿಗೆ ಅದೇ ಗಾಂಭೀರ್ಯದಲ್ಲಿ, ಅದೇ ಕಿಟಕಿ ನಡುಗಿಸುತ್ತ, ಗಂಡುಸ್ವರವೊಂದು ಹೇಳಿತು. "ಹನ್ನೆರಡು ವರ್ಷಗಳಿಂದ ನಾನು ಮೂಲವ್ಯಾಧಿಯಿಂದ ಬಳಲುತ್ತಿದ್ದೆ."

"ಅಯ್ಯೋ, ಅದೂ ಇದೆಯಾ ಪಾಪ!" ಎಂದರು ಮಲ್ಲೇಶಪ್ಪನವರು.

"ಕೂರಲು ಆಗುತ್ತಿರಲಿಲ್ಲ, ನಿಲ್ಲಲು ಆಗುತ್ತಿರಲಿಲ್ಲ" ಎಂದು ಸ್ವರ ಮುಂದುವರಿಯಿತು.

"ಅದಕ್ಕೇ ದೂತನ ಪಾತ್ರ ಬೇಗ ಮುಗಿಸಿ ಏಳ್ತಿದ್ದ" ಎಂದು ತಿಮ್ಮಪ್ಪನವರು ಮರುಗಿದರು.

ಆದರೆ ಅನಂತರ ಬಂದದ್ದು ಹೆಣ್ಣುಸ್ವರ. "ಮೂರೇ ದಿನದಲ್ಲಿ ಪರಿಹಾರ. ಇಂದೇ ಕರೆ ಮಾಡಿ!" ಎಂದು ಅದು ಹಾಡಿನ ಧಾಟಿಯಲ್ಲಿ ಹೇಳಿ ಹತ್ತಂಕಿಯ ನಂಬರು ಕೊಟ್ಟಿತು. ಅದು ಹೊನ್ನಕ್ಕನ ಸ್ವರವಾಗಿರಲಿಲ್ಲ. ತಿಮ್ಮಪ್ಪನವರು ಬಾಗಿಲು ನೂಕಿದರು. ಅಂಗಿಯಿಲ್ಲದ, ಬಲಗಡೆ ಮಾತ್ರ ಎಣ್ಣೆಯಿಂದ ಹೊಳೆಯುವ, ಕೊರಳಲ್ಲಿ ಬಸವೇಶನ ಮೊದಲ ವಯರನ್ನು ಹಾರದಂತೆ ಹಾಕಿಕೊಂಡ ಪ್ರಸನ್ನಕುಮಾರರು, ಜಾಹೀರಾತು ತಪ್ಪಿಸಲು ಲ್ಯಾಪ್‌ಟಾಪಿನ ಮೇಲೆ ಜಾರುವ ಬೆರಳುಗಳಿಂದ ಒದ್ದಾಡುತ್ತಿದ್ದರು.

ಮುಂದಿನ ಅರ್ಧ ಗಂಟೆಯಲ್ಲಿ ಎಲ್ಲರಿಗೂ ಎಲ್ಲವೂ ತಿಳಿಯಿತು. ಗಿರಿಯಮ್ಮ ಮಾತ್ರ ಒಪ್ಪಲಿಲ್ಲ. "ನಾನು ಕೇಳಿದ್ದು ಸುಳ್ಳಾ? ಬಲಗಡೆ ಹೋಗಿದೆ ಅಂತ ಹೇಳಿದ್ಯೋ ಇಲ್ವೋ ನೀನು?" ಎಂದು ಅಡ್ಡಸವಾಲು ಹಾಕಿದರು. ಪ್ರಸನ್ನಕುಮಾರರು ಹೇಳಿದ್ದೆಂದು ಒಪ್ಪಿಕೊಳ್ಳಬೇಕಾಯಿತು.

"ಆಯ್ತಲ್ಲ ತಿಮ್ಮಪ್ಪಣ್ಣ, ನಾನು ಗಟ್ಟಿಯಾಗೇ ಇದೀನಿ. ಇಪ್ಪತ್ತೈದಕ್ಕೆ ಬರ್ತೀನಿ" ಎಂದರು ಅವರು ಅಂಗಿ ಹಾಕಿಕೊಳ್ಳುತ್ತ.

ತಿಮ್ಮಪ್ಪನವರು ಕಿರಣನ ಕಟ್ಟಿನಿಂದ ಒಂದು ಕಾಗದ ಎಳೆದು ಕೈಗೆ ಕೊಟ್ಟರು. ಅದರಲ್ಲಿ ದಪ್ಪಕ್ಷರದಲ್ಲಿ ಹೀಗೆ ಅಚ್ಚಾಗಿತ್ತು: "ಪಾರ್ಶ್ವವಾಯು ಪೀಡಿತ ಹಿರಿಯ ಕಲಾವಿದ ಶ್ರೀ ಪ್ರಸನ್ನಕುಮಾರ್ ಇವರು ಶೀಘ್ರ ಗುಣಮುಖರಾಗಲೆಂದು ಹಾರೈಸಿ ತಾಳಮದ್ದಳೆ ಹಾಗೂ ಅವರಿಗೆ ಸನ್ಮಾನ. ರಾಜ: ಕಿರಣ, ಕಮ್ಮರಡಿ."

"ಐನೂರು ಅಚ್ಚಾಗಿದೆ. ನಾನೂರು ಹಂಚಿ ಆಗಿದೆ" ಎಂದ ಕಿರಣ ವಿನಯದಿಂದ. ನಿದ್ದೆ ಬಾರದ ಶನಿವಾರ ಅವನು ಏನು ಮಾಡುತ್ತಿದ್ದನೆಂಬುದು ಆಗ ತಿಳಿಯಿತು.

"ಆದ್ರೆ ನಂಗೆ ಎಂತದೂ ಆಗಿಲ್ವಲ್ಲ!"

"ನಿಂಗೆ ಎಂತದೂ ಆಗಿಲ್ಲ ಅಂತ ನಂಗೆ ಗೊತ್ತಾಯ್ತು ಮಾರಾಯ" ಎಂದರು ತಿಮ್ಮಪ್ಪನವರು. "ಆ ನಾನೂರು ಮನೆಯೋರಿಗೆ ಯಾರು ಹೇಳದು? ಕಾಯಿಲೆಯೋನು ಅಂತ ಅಚ್ಚು ಹಾಕ್ಸಿ, ಅವನನ್ನೇ ರಾಜನಾಗಿ ಕೂರಿಸಿದ್ರೆ ಸಂಘದ ಮಾನ ಎಲ್ಲಿ ಉಳೀತದೆ? ನೀನೇ ಹೇಳು. ಒಂದು ದಿನ ಸುಮ್ನೆ ಬಂದು ಕೂತು ಶಾಲು ಹೊದೆಸ್ಕಂಡು ಹೋಗು. ಸ್ವರದ ವಿಷಯ ಮುಂದೆ ನೋಡನ."

ಪ್ರಸನ್ನಕುಮಾರರು ಪ್ರತಿಭಟಿಸಲು ಬಾಯಿ ತೆರೆದರು. ಆದರೆ ಕಣ್ಣು ಕಾಗದದ ಮೇಲೆಯೇ ಇತ್ತು. "ಹಿರಿಯ ಕಲಾವಿದ" ಎಂಬ ಎರಡು ಪದಗಳನ್ನು ಅವರು ಮೂರು ಸಲ ಓದಿದರು. ಹನ್ನೊಂದು ವರ್ಷಗಳಲ್ಲಿ ಅವರ ಹೆಸರು ಅಚ್ಚಾದದ್ದು ಅದೇ ಮೊದಲು. ಅದರ ಹಿಂದಿದ್ದ ಪಾರ್ಶ್ವವಾಯುವನ್ನು ಸಹಿಸಿಕೊಳ್ಳಬಹುದೆಂದು ಅವರಿಗೆ ತೋರಿತು.

ಇಪ್ಪತ್ತೈದರಂದು ಮಧ್ಯಾಹ್ನ ಮೂರಕ್ಕೆ ಶೃಂಗೇರಿಯ ಸಭಾಭವನ ತುಂಬಿತ್ತು. ರಾಜನನ್ನು ನೋಡಲು ಇಷ್ಟು ಜನ ಹಿಂದೆಂದೂ ಬಂದಿರಲಿಲ್ಲ, ರೋಗಿಯನ್ನು ನೋಡಲು ಬಂದಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿಗಳ ನಡುವೆ ಪ್ರಸನ್ನಕುಮಾರರನ್ನು ವೇದಿಕೆಯ ಅಂಚಿನ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ಬಲಗೈ ಕೆಳಗೆ ಒಂದು ದಿಂಬು ಇಟ್ಟರು. ಮುಂದಿನ ಸಾಲಿನಲ್ಲಿ ಹೊನ್ನಕ್ಕ ಕೂತಿದ್ದರು. ಸ್ಟೀರಿಯೊದ ಕಥೆ ನಂಬುವವರಿಗಿಂತ ಎಣ್ಣೆಯ ಕಥೆ ನಂಬುವವರು ಹೆಚ್ಚೆಂದು ಒಂದು ವಾರದಲ್ಲಿ ಅವರಿಗೆ ಮನವರಿಕೆಯಾಗಿತ್ತು. ನರಸಿಂಹರಾಜಪುರದ ಅವರ ಮನೆಯ ಬಾಗಿಲಿಗೆ ಈಗ ಬಾಟಲಿ ಹಿಡಿದವರು ಬರುತ್ತಿದ್ದರು. ಹೊನ್ನಕ್ಕ ಯಾರಿಗೂ ಸುಳ್ಳು ಹೇಳಲಿಲ್ಲ. "ಹೌದು, ನಾನು ಎಣ್ಣೆಗೈ ಇಟ್ಟ ತಕ್ಷಣ ಬಲಗಡೆ ಬಂತು" ಎಂದಷ್ಟೇ ಹೇಳುತ್ತಿದ್ದರು.

ಭಾಗವತರು ಹಾಡಿದರು, ಮದ್ದಳೆ ನುಡಿಯಿತು, ಕಿರಣರಾಜ ಸಿಂಹಾಸನವೇರಿ ಇಪ್ಪತ್ತು ನಿಮಿಷ ಗರ್ಜಿಸಿದ. ಆಗ ತಿಮ್ಮಪ್ಪನವರಿಗೆ ನೆನಪಾಯಿತು. ರಾಜನ ವ್ಯವಸ್ಥೆ ಮಾಡುವ ಗಡಿಬಿಡಿಯಲ್ಲಿ ದೂತನನ್ನು ನೇಮಿಸಲು ಅವರು ಮರೆತಿದ್ದರು. ಹನ್ನೊಂದು ವರ್ಷ ದೂತ ತಾನಾಗಿಯೇ ಬಂದು ಕೂರುತ್ತಿದ್ದ. ಅವರು ಕುರ್ಚಿಯ ಬಳಿಗೆ ಬಗ್ಗಿ ಬಂದು ಪಿಸುಗುಟ್ಟಿದರು.

"ಪ್ರಸನ್ನಾ, ದೂತ ಇಲ್ಲ ಮಾರಾಯ. ಮಾನ ಉಳಿಸು."

ಪ್ರಸನ್ನಕುಮಾರರು ಒಮ್ಮೆ ಸಿಂಹಾಸನದ ಕಡೆ ನೋಡಿದರು, ಒಮ್ಮೆ ಸಭೆಯ ಕಡೆ ನೋಡಿದರು. ಬಲಗೈ ಕೆಳಗಿನ ದಿಂಬು ತೆಗೆದಿಟ್ಟು, ಶಾಲು ಸರಿಮಾಡಿಕೊಂಡು, ಗಂಟಲು ತಿದ್ದಿಕೊಂಡು ನುಡಿದರು.

"ಮಹಾಪ್ರಭೂ, ಬಾಗಿಲಲ್ಲಿ ಬಂದವರಿದ್ದಾರೆ."

"ಮಾತು ಬಂತು!" ಎಂದು ಯಾರೋ ಕೂಗಿದರು. ಚಪ್ಪಾಳೆ ಭವನದ ಹಂಚು ಹಾರಿಸುವಂತೆ ಎದ್ದಿತು.

"ಯಾರೆಂದು ಹೇಳಲೊಲ್ಲರು." ಮತ್ತೆ ಚಪ್ಪಾಳೆ. "ಬಾಯಿ ಸೊಟ್ಟ ಆಗಿಲ್ಲ ನೋಡಿ! ಎಷ್ಟು ಸ್ಪಷ್ಟ!" ಎಂದು ಹೆಂಗಸರ ಸಾಲು ಕಣ್ಣೊರೆಸಿಕೊಂಡಿತು.

"ಒಳಗೆ ಬಿಡಲೇ?" ಎನ್ನುವಾಗ ಅವರ ಬಲಗೈ ಅಭ್ಯಾಸಬಲದಿಂದ ತಾನಾಗಿ ಮೇಲೆದ್ದಿತು. ಸಭೆಗೆ ಸಭೆಯೇ ಎದ್ದು ನಿಂತಿತು. "ಅಪ್ಪಣೆ" ಎಂಬ ನಾಲ್ಕನೆಯ ವಾಕ್ಯ ಯಾರಿಗೂ ಕೇಳಿಸಲೇ ಇಲ್ಲ. ಸಿಂಹಾಸನದ ಮೇಲೆ ಕಿರಣ ಏನು ಹೇಳಬೇಕೆಂದು ತೋಚದೆ ಕೂತಿದ್ದ. ದೂತನಿಗೆ ಇಷ್ಟು ಚಪ್ಪಾಳೆ ಬಿದ್ದ ಮೇಲೆ ರಾಜನ ಮಾತು ಕೇಳುವವರು ಯಾರು? ಅವನು ಇನ್ನೂ ಎರಡು ಪಟ್ಟು ಗಟ್ಟಿಯಾಗಿ ಗರ್ಜಿಸಿದ. ಸಂಜೆಯ ಹೊತ್ತಿಗೆ ಅವನ ಗಂಟಲು ಕಟ್ಟಿಹೋಯಿತು.

ಪ್ರಸನ್ನಕುಮಾರರ ವಾಕ್ಯಗಳು ನೂರ ನಲವತ್ತಾದವು. ಚಪ್ಪಾಳೆ ಬಿದ್ದವು ಮೂರು.

ಸೋಮವಾರ ಬೆಳಿಗ್ಗೆ ಕೊನೆಯ ಬ್ರೆಡ್ಡಿನ ಪೊಟ್ಟಣ ಒಡೆಯುತ್ತ ನಯನ ಹೇಳಿದರು. "ಹದಿನೇಳು ಬ್ರೆಡ್ಡು ಕಾಯಿಲೆ ಇಲ್ದೆ ತಿಂದ್ವಲ್ಲ ರೀ. ಇದಕ್ಕೆಲ್ಲ ಮುಯ್ಯಿ ತೀರಿಸ್ಬೇಕು. ಬಂದೋರು ನಲವತ್ತಮೂರು ಜನ. ಅವರವರು ಮಲಗಿದಾಗ ನಾವೂ ಹೋಗಿ ನೋಡ್ಬೇಕು, ಬರಿಗೈಲಿ ಹೋಗಂಗಿಲ್ಲ."

ಪ್ರಸನ್ನಕುಮಾರರು ನ್ಯಾಯವಂತರು. ಮಂಗಳವಾರ ಅಂಗಡಿ ಅರ್ಧ ದಿನ ಮುಚ್ಚಿ, ಒಂದು ಬ್ರೆಡ್ಡು, ಅರ್ಧ ಡಜನ್ ಕಿತ್ತಳೆ ಹಿಡಿದು ಕಮ್ಮರಡಿಯ ಬಸ್ಸು ಹತ್ತಿದರು. ಕಿರಣ ಕೊರಳಿಗೆ ಮಫ್ಲರು ಸುತ್ತಿಕೊಂಡು ಜೆರಾಕ್ಸ್ ಯಂತ್ರದ ಪಕ್ಕ ಕೂತಿದ್ದ. ಬಾಯಿ ತೆರೆದರೆ ಗಾಳಿ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಪ್ರಸನ್ನಕುಮಾರರು ಕುರ್ಚಿಯ ತುದಿಯಲ್ಲಿ ಕೂತು, ಕಾಯಿಲೆಯ ಹೆಸರೆತ್ತದೆ, ಸ್ವರ ತಗ್ಗಿಸಿ, ಅತ್ಯಂತ ಸಭ್ಯವಾಗಿ ಕೇಳಿದರು.

"ಈಗ ಹೇಗಿದೆ ಮಾರಾಯ?"

ಉತ್ತರ ಬರಲಿಲ್ಲ. ಅವರು ಪೂರ್ಣ ತೃಪ್ತಿಯಿಂದ ಹತ್ತು ನಿಮಿಷ ಕೂತು, ಬ್ರೆಡ್ಡು ಮೇಜಿನ ಮೇಲಿಟ್ಟು ಎದ್ದರು.

ನಲವತ್ತಮೂರರಲ್ಲಿ ಒಂದು ತೀರಿತು, ನಲವತ್ತೆರಡು ಬಾಕಿ. ಪ್ರಸನ್ನಕುಮಾರರು ಅಂದಿನಿಂದ ದಿನವೂ ವಿಚಾರಿಸುತ್ತಿದ್ದಾರೆ. ದುರದೃಷ್ಟವಶಾತ್ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ.